ಐಸ್ ಡ್ಯಾನ್ಸ್: ಬೆಳಗಾವಿಯ ಮಕ್ಕಳಿಗೆ ಈ ದಾರಿ ಇದೆಯೇ?

ಹಿಂದವಾಡಿಯ ತಾಯಿ
ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ ಹತ್ತು ವರ್ಷ. ಚಿಕ್ಕಂದಿನಿಂದಲೂ ನಾಲ್ಕು ಚಕ್ರದ ಸ್ಕೇಟಿಂಗ್ ಕಲಿಯುತ್ತಿದ್ದಾಳೆ. ಅವಳೊಂದಿಗೇ ಕಲಿತವನು ನನ್ನ ಮೈದುನನ ಮಗ, ಅವನಿಗೆ ಹದಿಮೂರು. ನಮ್ಮ ಊರಿನಲ್ಲಿ ಸ್ಕೇಟಿಂಗ್ ಎಂದರೆ ಹೆಚ್ಚಿನವರ ಕಣ್ಣ ಮುಂದೆ ಬರುವುದು ವೇಗದ ಓಟ, ಲಿಂಬೋ ಮತ್ತು ಸಾಮೂಹಿಕ ದಾಖಲೆಗಳು. ಈ ಇಬ್ಬರು ಮಾತ್ರ ಸಂಗೀತ ಹಾಕಿಕೊಂಡು ಕೈಕೈ ಹಿಡಿದು ಜಾರುವುದನ್ನೇ ಹಚ್ಚಿಕೊಂಡಿದ್ದಾರೆ. ಚಳಿಗಾಲದ ಒಲಿಂಪಿಕ್ಸ್‌ನ ಐಸ್ ಡ್ಯಾನ್ಸ್ ಸ್ಪರ್ಧೆಗಳನ್ನು ಟಿ.ವಿ.ಯಲ್ಲಿ ನೋಡಿದ ಮೇಲಂತೂ, ನಾವೂ ಐಸ್ ಮೇಲೆ ಇದನ್ನೇ ಮಾಡುತ್ತೇವೆ ಎಂದು ಇಬ್ಬರೂ ಪಟ್ಟು ಹಿಡಿದಿದ್ದಾರೆ.

ನಾವು ಶ್ರೀಮಂತರಲ್ಲ. ಯಜಮಾನರು ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಕೆಲಸ ಮಾಡುತ್ತಾರೆ, ಮೈದುನರಿಗೆ ಶಹಾಪುರದಲ್ಲಿ ಸೀರೆ ಅಂಗಡಿ ಇದೆ. ಮಕ್ಕಳ ಉತ್ಸಾಹವನ್ನು ತಣ್ಣಗಾಗಿಸಲು ನನಗೆ ಮನಸ್ಸಿಲ್ಲ. ಇಲ್ಲದ ಆಸೆಯನ್ನು ಹುಟ್ಟಿಸಿ ಮುಂದೆ ಅವರು ನೊಂದುಕೊಳ್ಳುವುದನ್ನು ನೋಡುವ ಧೈರ್ಯವೂ ಇಲ್ಲ. ಈ ಕ್ರೀಡೆಯಲ್ಲಿ ಮಕ್ಕಳ ಬೆಳವಣಿಗೆ ಹೇಗೆ ಸಾಗುತ್ತದೆ, ಯಾವ ವಯಸ್ಸಿಗೆ ಏನಾಗಬೇಕು, ಬೆಳಗಾವಿಯಲ್ಲಿದ್ದುಕೊಂಡು ಏನು ಮಾಡಬಹುದು, ಏನು ಮಾಡಲಾಗದು ಎಂಬುದನ್ನು ತಿಳಿದವರು ದಯವಿಟ್ಟು ಮುಚ್ಚುಮರೆಯಿಲ್ಲದೆ ಹೇಳಬೇಕು.

ಚಕ್ರದ ಕೋಚ್, ಬೆಳಗಾವಿ
ಅಕ್ಕಾವರೇ, ನಾನು ಈ ಊರಿನಲ್ಲಿ ಆರ್ಟಿಸ್ಟಿಕ್ ರೋಲರ್ ಸ್ಕೇಟಿಂಗ್, ಅಂದರೆ ಚಕ್ರದ ಮೇಲೆ ಸಂಗೀತಕ್ಕೆ ನರ್ತಿಸುವ ಸ್ಕೇಟಿಂಗ್, ಕಲಿಸುವವನು. ಮೊದಲಿಗೆ ಒಂದು ಗೊಂದಲವನ್ನು ಬಿಡಿಸುತ್ತೇನೆ, ಏಕೆಂದರೆ ಪಾಲಕರಲ್ಲಿ ಹೆಚ್ಚಿನವರು ಇಲ್ಲಿಯೇ ಎಡವುತ್ತಾರೆ. ಐಸ್ ಮೇಲೆ ಜೋಡಿಯಾಗಿ ಆಡುವ ಸ್ಪರ್ಧೆಗಳು ಎರಡು. ಪೇರ್ ಸ್ಕೇಟಿಂಗ್‌ನಲ್ಲಿ ಹುಡುಗ ಹುಡುಗಿಯನ್ನು ತಲೆಯ ಮೇಲೆ ಎತ್ತುತ್ತಾನೆ, ದೂರಕ್ಕೆ ಎಸೆಯುತ್ತಾನೆ, ಇಬ್ಬರೂ ಗಾಳಿಯಲ್ಲಿ ಎರಡು ಮೂರು ಸುತ್ತು ತಿರುಗಿ ಇಳಿಯುತ್ತಾರೆ. ಐಸ್ ಡ್ಯಾನ್ಸ್‌ನಲ್ಲಿ ಅದಾವುದೂ ಇಲ್ಲ. ಎತ್ತುವಿಕೆ ಇದೆ, ಆದರೆ ತೋಳನ್ನು ತಲೆಯ ಮೇಲೆ ಪೂರ್ತಿ ಚಾಚಿ ಎತ್ತುವಂತಿಲ್ಲ, ಅದೂ ಕೆಲವೇ ಸೆಕೆಂಡುಗಳಲ್ಲಿ ಮುಗಿಯಬೇಕು. ಅಂಕಗಳು ಸಿಗುವುದು ಪಾದದ ಕೆಲಸಕ್ಕೆ, ಬ್ಲೇಡಿನ ಅಂಚಿನ ಮೇಲೆ ದೇಹ ಎಷ್ಟು ಆಳವಾಗಿ ವಾಲುತ್ತದೆ ಎಂಬುದಕ್ಕೆ, ಇಬ್ಬರ ನಡುವಿನ ಅಂತರ ಎಷ್ಟು ಕಡಿಮೆ ಇದೆ ಎಂಬುದಕ್ಕೆ ಮತ್ತು ಸಂಗೀತದ ಲಯವನ್ನು ಮೈ ಹೇಗೆ ಹಿಡಿಯುತ್ತದೆ ಎಂಬುದಕ್ಕೆ. ಟ್ವಿಝಲ್ ಎಂಬ ಚಲನೆಯೊಂದಿದೆ: ಒಂದೇ ಕಾಲಿನ ಮೇಲೆ ವೇಗವಾಗಿ ಸುತ್ತುತ್ತ ಮುಂದಕ್ಕೆ ಸಾಗುವುದು. ಅದನ್ನು ಇಬ್ಬರೂ ಅಕ್ಕಪಕ್ಕದಲ್ಲಿ ಒಂದೇ ಕ್ಷಣಕ್ಕೆ ಆರಂಭಿಸಿ ಒಂದೇ ಕ್ಷಣಕ್ಕೆ ಮುಗಿಸಬೇಕು. ಎಂತಹ ಅನುಭವಿ ಜೋಡಿಗೂ ಎದೆ ಢವಢವ ಎನ್ನುವುದು ಅಲ್ಲಿಯೇ.

ಇದರಿಂದ ನಿಮ್ಮ ಮಕ್ಕಳಿಗೆ ಒಂದು ಅನುಕೂಲವಿದೆ. ಥ್ರೀ ಟರ್ನ್, ಬ್ರಾಕೆಟ್, ರಾಕರ್, ಕೌಂಟರ್ ಎಂಬ ತಿರುವುಗಳು ಚಕ್ರದ ಮೇಲೂ ಇವೆ, ಐಸ್ ಮೇಲೂ ಇವೆ. ಒಳ ಅಂಚು, ಹೊರ ಅಂಚು ಎಂಬ ಪಾಠವೂ ಒಂದೇ. ಸ್ಟಾರ್‌ಲೈಟ್ ವಾಲ್ಟ್ಜ್‌ನಂತಹ ನಿಗದಿತ ನೃತ್ಯಗಳನ್ನು ಎರಡೂ ಕಡೆ ಕಲಿಸುತ್ತಾರೆ. 1998ರಲ್ಲಿ ಹದಿನೈದನೆಯ ವಯಸ್ಸಿಗೇ ಒಲಿಂಪಿಕ್ ಚಿನ್ನ ಗೆದ್ದ ಅಮೆರಿಕದ ತಾರಾ ಲಿಪಿನ್ಸ್ಕಿ ಮೊದಲು ಕಲಿತದ್ದು ಚಕ್ರದ ಸ್ಕೇಟಿಂಗನ್ನೇ. ಆಕೆ ಒಂಟಿ ಸ್ಪರ್ಧಿ. ಆದರೂ ಚಕ್ರದಿಂದ ಐಸ್‌ಗೆ ಹೋಗುವ ದಾರಿ ಇದೆ ಎಂಬುದಕ್ಕೆ ಆ ಉದಾಹರಣೆ ಸಾಕು.

ಹಾಗೆಂದು ಎಲ್ಲವೂ ಸುಲಭವಾಗಿ ದಾಟಿ ಹೋಗುವುದಿಲ್ಲ. ನಮ್ಮ ಸ್ಕೇಟ್‌ನಲ್ಲಿ ನಾಲ್ಕು ಚಕ್ರಗಳು ನೆಲವನ್ನು ಹಿಡಿದಿರುತ್ತವೆ. ಐಸ್ ಬ್ಲೇಡಿನ ದಪ್ಪ ಸುಮಾರು 4 ಮಿಲಿಮೀಟರ್, ಅದರ ಅಡಿಯಲ್ಲಿ ಉದ್ದಕ್ಕೂ ತೋಡಿದ ಒಂದು ಸಣ್ಣ ಕಾಲುವೆ, ಅದರ ಎರಡು ದಡಗಳೇ ಎರಡು ಅಂಚುಗಳು. ಚಕ್ರದ ಮೇಲೆ ತಿರುವು ತೆಗೆದುಕೊಳ್ಳಲು ಹಾಕುವ ಬಲವನ್ನೇ ಐಸ್ ಮೇಲೆ ಹಾಕಿದರೆ ಮಗು ಬೇಕಾದುದಕ್ಕಿಂತ ಹೆಚ್ಚು ತಿರುಗಿ ಬೀಳುತ್ತದೆ. ಆದ್ದರಿಂದ ಮೊದಲ ಕೆಲವು ವಾರ ಅತ್ಯುತ್ತಮ ರೋಲರ್ ಸ್ಕೇಟರ್ ಕೂಡ ಹೊಸಬರಂತೆ ಕಾಣುತ್ತಾರೆ, ಅದಕ್ಕೆ ಗಾಬರಿಯಾಗಬೇಡಿ.

ಮಕ್ಕಳು ಚಕ್ರವನ್ನು ಬಿಡಬೇಕಾಗಿಯೂ ಇಲ್ಲ. ಆರ್ಟಿಸ್ಟಿಕ್ ರೋಲರ್‌ನಲ್ಲಿ ಸೋಲೋ ಡ್ಯಾನ್ಸ್, ಕಪಲ್ ಡ್ಯಾನ್ಸ್ ಎರಡಕ್ಕೂ ವಿಶ್ವಮಟ್ಟದ ಸ್ಪರ್ಧೆ ಇದೆ. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಹೈದರಾಬಾದಿನ ಅನೂಪ್ ಕುಮಾರ್ ಯಾಮ ಒಂಟಿ ವಿಭಾಗದಲ್ಲಿ ಕಂಚು ಗೆದ್ದರು, ಅವನಿ ಪಾಂಚಾಲ್ ಅವರೊಂದಿಗೆ ಜೋಡಿ ವಿಭಾಗದಲ್ಲಿಯೂ ಕಂಚು ಗೆದ್ದರು. ಭಾರತದ ಮಕ್ಕಳಿಗೆ ಕೈಗೆಟುಕುವ ಗುರಿ ಯಾವುದು ಎಂದು ಕೇಳಿದರೆ ನಾನು ಮೊದಲು ತೋರಿಸುವುದು ಇದನ್ನೇ.

ಲೆಕ್ಕದ ಮಾಸ್ತರ, ಖಾನಾಪುರ
ಕೋಚ್ ಅವರ ಮಾತು ತಿಳಿಯಿತು. ಆದರೂ ನಿವೃತ್ತ ಶಿಕ್ಷಕನಾಗಿ ನಾನು ಕೇಳಲೇಬೇಕಾದ ಪ್ರಶ್ನೆಗಳಿವೆ. ಇಡೀ ಕರ್ನಾಟಕದಲ್ಲಿ ಒಲಿಂಪಿಕ್ ಅಳತೆಯ, ಅಂದರೆ 60 ಮೀಟರ್ ಉದ್ದ 30 ಮೀಟರ್ ಅಗಲದ, ವರ್ಷಪೂರ್ತಿ ನಡೆಯುವ ಒಂದು ಐಸ್ ರಿಂಕ್ ತೋರಿಸಿ ನೋಡೋಣ. ಈಜುಕೊಳವಿಲ್ಲದ ಊರಿನಲ್ಲಿ ಈಜುಗಾರನನ್ನು ತಯಾರಿಸುತ್ತೇವೆ ಎಂದಂತೆ ಇದು. ಒಂಟಿ, ಜೋಡಿ, ಐಸ್ ಡ್ಯಾನ್ಸ್ ಎಲ್ಲವೂ ಸೇರಿದ ಚಳಿಗಾಲದ ಒಲಿಂಪಿಕ್ಸ್‌ನ ಫಿಗರ್ ಸ್ಕೇಟಿಂಗ್‌ನಲ್ಲಿ ಭಾರತದ ಪರ ಇಂದಿಗೂ ಒಬ್ಬರೂ ಕಣಕ್ಕಿಳಿದಿಲ್ಲ. ತಾರಾ ಪ್ರಸಾದ್ ಎಂಬ ಹುಡುಗಿ ಭಾರತದ ಪರ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಆಡುತ್ತಾಳೆ. ಆಕೆಯೂ ಅಮೆರಿಕದಲ್ಲಿ ಬೆಳೆದವಳು. ಸ್ವಂತ ಮನೆಯ ದುಡ್ಡು, ಎಸ್‌ಎಸ್‌ಎಲ್‌ಸಿ, ಹೆಣ್ಣು ಮಗುವಿನ ಭವಿಷ್ಯ, ಇವೆಲ್ಲವನ್ನೂ ಪಣಕ್ಕಿಡುವ ಮುನ್ನ ತಂದೆತಾಯಿ ಕೂತು ಲೆಕ್ಕ ಹಾಕಲೇಬೇಕು. ನಾನು ವಿರೋಧಿಸುತ್ತಿಲ್ಲ ತಾಯಿ, ಎಚ್ಚರಿಸುತ್ತಿದ್ದೇನೆ.

ಮಾಂಟ್ರಿಯಲ್‌ನ ಗೋಕಾಕಿ
ನಮಸ್ಕಾರ. ನನ್ನ ಊರು ಗೋಕಾಕ. ಉದ್ಯೋಗದ ನಿಮಿತ್ತ ಕೆನಡಾದ ಮಾಂಟ್ರಿಯಲ್‌ನಲ್ಲಿದ್ದೇನೆ, ಮಗಳು ಇಲ್ಲಿ ಐಸ್ ಡ್ಯಾನ್ಸ್ ಕಲಿಯುತ್ತಿದ್ದಾಳೆ. ಜಗತ್ತಿನ ಅಗ್ರ ಜೋಡಿಗಳಲ್ಲಿ ಬಹಳ ಮಂದಿ ಈಗ ತರಬೇತಿ ಪಡೆಯುವುದು ಈ ನಗರದಲ್ಲಿಯೇ. ಮಾರಿ-ಫ್ರಾನ್ಸ್ ಡ್ಯೂಬ್ರೂಯ್, ಪ್ಯಾಟ್ರಿಸ್ ಲೋಝಾನ್ ಮತ್ತು ರೊಮೇನ್ ಹ್ಯಾಗ್ನೋಯರ್ ಸೇರಿ ನಡೆಸುವ ಅಕಾಡೆಮಿಗೆ ದೇಶದೇಶಗಳಿಂದ ಮಕ್ಕಳು ಬರುತ್ತಾರೆ. ಅದರಿಂದಾಗಿ ಈ ಬಗೆಯ ಬದುಕನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ಸಿಕ್ಕಿದೆ. ನೋಡಿ ನೋಡಿ ನನಗೆ ಖಚಿತವಾಗಿರುವುದು ಒಂದೇ ಸಂಗತಿ: ಐಸ್ ಡ್ಯಾನ್ಸ್‌ನಲ್ಲಿ ಒಬ್ಬ ಹುಡುಗಿಯ ಭವಿಷ್ಯ, ಒಬ್ಬ ಹುಡುಗನ ಭವಿಷ್ಯ ಎಂಬುದು ಬೇರೆ ಬೇರೆಯಾಗಿ ಇಲ್ಲ. ಇರುವುದು ಜೋಡಿಯ ಭವಿಷ್ಯ ಮಾತ್ರ. ರಿಂಕ್‌ನ ಕೊರತೆಗಿಂತಲೂ ಹೆಚ್ಚಿನ ಮಕ್ಕಳ ದಾರಿ ಮುಚ್ಚಿಹೋಗುವುದು ಸರಿಯಾದ ಜೊತೆಗಾರ ಸಿಗದ ಕಾರಣಕ್ಕೆ.

ಕೆನಡಾದ ಟೆಸ್ಸಾ ವರ್ಚ್ಯೂ ಮತ್ತು ಸ್ಕಾಟ್ ಮೊಯಿರ್ ಜೊತೆಯಾದದ್ದು 1997ರಲ್ಲಿ, ಆಗ ಆಕೆಗೆ ಏಳು ವರ್ಷ, ಆತನಿಗೆ ಒಂಬತ್ತು. 2010 ಮತ್ತು 2018ರಲ್ಲಿ ಒಲಿಂಪಿಕ್ ಚಿನ್ನ, ನಡುವೆ 2014ರಲ್ಲಿ ಬೆಳ್ಳಿ. ಆ ಬೆಳ್ಳಿಯ ವರ್ಷ ಚಿನ್ನ ಗೆದ್ದ ಅಮೆರಿಕದ ಮೆರಿಲ್ ಡೇವಿಸ್ ಮತ್ತು ಚಾರ್ಲಿ ವೈಟ್ ಕೂಡ ಬಾಲ್ಯದ ಜೊತೆಗಾರರೇ. ಈ ಎರಡೂ ಜೋಡಿಗಳು ವರ್ಷಗಟ್ಟಲೆ ಮಿಷಿಗನ್‌ನ ಒಂದೇ ರಿಂಕ್‌ನಲ್ಲಿ, ಒಂದೇ ಕೋಚ್‌ಗಳ ಕೈಕೆಳಗೆ ಕಲಿತವು ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ. ಫ್ರಾನ್ಸ್‌ನ ಗೇಬ್ರಿಯೆಲಾ ಪಾಪಡಾಕಿಸ್ ಮತ್ತು ಗಿಯೋಮ್ ಸಿಝರಾನ್ ಕ್ಲೆರ್ಮಾಂ-ಫೆರಾಂ ಎಂಬ ಊರಿನಲ್ಲಿ ಮಕ್ಕಳಾಗಿದ್ದಾಗಲೇ ಜೊತೆಗೂಡಿದರು, ಗೇಬ್ರಿಯೆಲಾಳ ತಾಯಿಯೇ ಅವರಿಗೆ ಕಲಿಸಿದರು. 2014ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಹದಿಮೂರನೆಯ ಸ್ಥಾನದಲ್ಲಿದ್ದ ಈ ಜೋಡಿ ಮಾಂಟ್ರಿಯಲ್‌ಗೆ ಬಂದು, ಮರುವರ್ಷವೇ ವಿಶ್ವ ಚಾಂಪಿಯನ್ ಆಯಿತು. 2018ರ ಒಲಿಂಪಿಕ್ಸ್‌ನಲ್ಲಿ ಒಂದು ಅಂಕಕ್ಕಿಂತಲೂ ಕಡಿಮೆ ಅಂತರದಲ್ಲಿ ಚಿನ್ನ ತಪ್ಪಿತು, 2022ರಲ್ಲಿ ಸಿಕ್ಕಿತು.

ತಡವಾಗಿ ಜೊತೆಯಾದವರೂ ಇದ್ದಾರೆ. ಅಮೆರಿಕದ ಮ್ಯಾಡಿಸನ್ ಚಾಕ್ ಮತ್ತು ಇವಾನ್ ಬೇಟ್ಸ್ 2011ರಲ್ಲಿ ಜೊತೆಗೂಡಿದರು. ಮೊದಲ ವಿಶ್ವ ಪ್ರಶಸ್ತಿ ಬಂದದ್ದು 2023ರಲ್ಲಿ, ಆಕೆಗೆ ಮೂವತ್ತು, ಆತನಿಗೆ ಮೂವತ್ತನಾಲ್ಕು. ಆನಂತರ 2024, 2025ರಲ್ಲಿಯೂ ಅವರೇ ಗೆದ್ದರು. ಅಂದರೆ ಇದು ಹದಿನಾರಕ್ಕೆ ಅರಳಿ ಹದಿನೆಂಟಕ್ಕೆ ಬಾಡುವ ಕ್ರೀಡೆಯಲ್ಲ. ಎಲ್ಲ ವಿಭಾಗಗಳಿಗೂ ಸೀನಿಯರ್ ಮಟ್ಟದ ಕನಿಷ್ಠ ವಯಸ್ಸನ್ನು ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ 15ರಿಂದ 17ಕ್ಕೆ ಏರಿಸಿದ ಮೇಲಂತೂ ಅವಸರಕ್ಕೆ ಕಾರಣವೇ ಇಲ್ಲ. ಜೂನಿಯರ್ ಮಟ್ಟ ಆರಂಭವಾಗುವುದು 13ಕ್ಕೆ. ನಿಮ್ಮ ಮಗಳ ಮುಂದೆ ಮೂರು ವರ್ಷ ಕಲಿಕೆಯ ಕಾಲವಿದೆ.

ಪೌರತ್ವದ ಬಗ್ಗೆಯೂ ಹೇಳಬೇಕು, ಏಕೆಂದರೆ ಮುಂದೆ ಯಾರಾದರೂ ನಿಮ್ಮ ಮಗಳಿಗೆ ವಿದೇಶಿ ಹುಡುಗನನ್ನು ಜೊತೆ ಮಾಡಿಸುತ್ತೇವೆ ಎಂದು ಹೇಳಿಕೊಂಡು ಬರಬಹುದು. ಒಕ್ಕೂಟದ ಸ್ಪರ್ಧೆಗಳಲ್ಲಿ ಇಬ್ಬರಲ್ಲಿ ಒಬ್ಬರು ಆ ದೇಶದ ಪ್ರಜೆಯಾಗಿದ್ದರೆ ಸಾಕು. ಒಲಿಂಪಿಕ್ಸ್‌ಗೆ ಇಬ್ಬರೂ ಒಂದೇ ದೇಶದ ಪ್ರಜೆಗಳಾಗಿರಲೇಬೇಕು. ಸಿಝರಾನ್ ಅವರ ಹೊಸ ಜೊತೆಗಾರ್ತಿ, ಕೆನಡಾದ ಲೊರೆನ್ಸ್ ಫೋರ್ನಿಯೆ ಬೋಡ್ರಿ, 2025ರಲ್ಲಿ ಫ್ರೆಂಚ್ ಪೌರತ್ವ ಪಡೆದದ್ದು ಈ ನಿಯಮದ ಕಾರಣಕ್ಕೆ. ಭಾರತವು ಎರಡು ಪೌರತ್ವವನ್ನು ಒಪ್ಪುವುದಿಲ್ಲ. ಹೊರಗಿನ ಹುಡುಗ ತನ್ನ ದೇಶದ ಪಾಸ್‌ಪೋರ್ಟನ್ನು ಬಿಟ್ಟುಕೊಟ್ಟು ಬರಬೇಕು, ಯಾರು ಬರುತ್ತಾರೆ? ಹೀಗಾಗಿ ಭಾರತದ ಹುಡುಗಿಗೆ ಭಾರತದ ಹುಡುಗನೇ ಬೇಕು. ಜಗತ್ತಿನ ಎಲ್ಲೆಡೆ ಈ ಕ್ರೀಡೆಗೆ ಹುಡುಗರ ಬರ ಇದೆ. ಕೆನಡಾ ತನ್ನ ದೇಶದೊಳಗಿನ ಸ್ಪರ್ಧೆಗಳಲ್ಲಿ ಇಬ್ಬರು ಹುಡುಗಿಯರ ಜೋಡಿಗೂ 2022ರಲ್ಲಿ ಒಪ್ಪಿಗೆ ಕೊಟ್ಟಿತು, ಒಲಿಂಪಿಕ್ಸ್‌ನಲ್ಲಿ ಆ ಅವಕಾಶ ಇನ್ನೂ ಇಲ್ಲ. ಅಕ್ಕಾವರೇ, ನಿಮ್ಮ ಮನೆಯಲ್ಲಿ ಒಬ್ಬ ಹುಡುಗ ತಾನಾಗಿಯೇ ಇದನ್ನು ಬಯಸಿ ನಿಂತಿದ್ದಾನೆ. ಅದರ ಬೆಲೆ ನಿಮಗೆ ಇನ್ನೂ ಪೂರ್ತಿ ತಿಳಿದಿಲ್ಲ ಎಂದು ನನ್ನ ಭಾವನೆ.

ಹಿಂದವಾಡಿಯ ತಾಯಿ
ಸರ್, ನಿಮ್ಮ ಮಾತು ಓದಿ ನಮ್ಮ ಮೈದುನರಿಗೂ ತೋರಿಸಿದೆ. ಮಾಸ್ತರರ ಎಚ್ಚರಿಕೆಯನ್ನೂ ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಇನ್ನೊಂದು ಸಂಕೋಚದ ಪ್ರಶ್ನೆ ಇದೆ. ಮಕ್ಕಳು ಅಣ್ಣ-ತಂಗಿ. ನಾನು ನೋಡಿದ ಐಸ್ ಡ್ಯಾನ್ಸ್‌ಗಳಲ್ಲಿ ಹೆಚ್ಚಿನವು ಪ್ರೇಮದ ಕಥೆಗಳು. ಹುಡುಗಿ ದೊಡ್ಡವಳಾದ ಮೇಲೆ ಇದೆಲ್ಲ ಬೇಕೇ ಎಂದು ಬಂಧುಗಳು ಈಗಲೇ ಕೇಳುತ್ತಿದ್ದಾರೆ. ಅಣ್ಣ-ತಂಗಿಯರ ಜೋಡಿಗೆ ಈ ಕ್ರೀಡೆಯಲ್ಲಿ ಗೌರವದ ಸ್ಥಾನ ಇದೆಯೇ?

ನೃತ್ಯ ಗುರು, ಬಾಗಲಕೋಟೆ
ಈ ಪ್ರಶ್ನೆಗೆ ಉತ್ತರಿಸಲು ನನಗೆ ಸಂತೋಷವಾಗುತ್ತದೆ. ನಾನು ಭರತನಾಟ್ಯ ಕಲಿಸುವವಳು, ಐಸ್ ಡ್ಯಾನ್ಸನ್ನು ಹಲವು ವರ್ಷಗಳಿಂದ ಆಸಕ್ತಿಯಿಂದ ನೋಡುತ್ತ ಬಂದಿದ್ದೇನೆ. ಅಮೆರಿಕದ ಮಾಯಾ ಮತ್ತು ಅಲೆಕ್ಸ್ ಶಿಬುತಾನಿ ಸ್ವಂತ ತಂಗಿ-ಅಣ್ಣ. 2018ರಲ್ಲಿ ಒಲಿಂಪಿಕ್ ಕಂಚು ಗೆದ್ದರು. ಅದಕ್ಕೂ ಮುನ್ನ ಫ್ರಾನ್ಸ್ ಪರ ಆಡಿದ ಇಸಾಬೆಲ್ ಮತ್ತು ಪಾಲ್ ಡ್ಯೂಶೆನೆ ಸಹ ಒಡಹುಟ್ಟಿದವರು. 1991ರ ವಿಶ್ವ ಚಾಂಪಿಯನ್ನರು, 1992ರ ಒಲಿಂಪಿಕ್ ಬೆಳ್ಳಿ ವಿಜೇತರು. ಪ್ರೇಮವನ್ನು ನಟಿಸದೆಯೇ ಇವರೆಲ್ಲ ಮೇಲಕ್ಕೆ ಬಂದರು. ನಿಯಮದಲ್ಲಿ ಎಲ್ಲಿಯೂ ಪ್ರೇಮಕಥೆ ಬೇಕೆಂದಿಲ್ಲ. ತೀರ್ಪುಗಾರರು ನೋಡುವುದು ಸಂಯೋಜನೆ, ಪ್ರಸ್ತುತಿ, ಸ್ಕೇಟಿಂಗ್ ಕೌಶಲ ಎಂಬ ಮೂರು ಅಂಶಗಳನ್ನು, ಅವುಗಳ ಜೊತೆಗೆ ಪ್ರತಿ ತಾಂತ್ರಿಕ ಘಟಕದ ಗುಣಮಟ್ಟವನ್ನು. ನಮ್ಮ ರಂಗದ ಮೇಲೆ ವೀರ, ಅದ್ಭುತ, ಕರುಣ, ಹಾಸ್ಯ ರಸಗಳೆಲ್ಲ ಇಲ್ಲವೇ? ಒಡಹುಟ್ಟಿದವರಿಗೆ ಅಲ್ಲಿ ವಿಷಯದ ಕೊರತೆಯಾಗದು.

ಇನ್ನೊಂದು ಸಂಗತಿ ಬೆಳಗಾವಿಯ ಮಕ್ಕಳಿಗೆ ಗೊತ್ತಿರಬೇಕು. ಸ್ಪರ್ಧೆಯಲ್ಲಿ ಎರಡು ಭಾಗಗಳಿವೆ. ರಿದಮ್ ಡ್ಯಾನ್ಸ್‌ಗೆ ಪ್ರತಿ ವರ್ಷ ಒಕ್ಕೂಟವೇ ವಿಷಯ ಕೊಡುತ್ತದೆ; ಫ್ರೀ ಡ್ಯಾನ್ಸ್‌ನಲ್ಲಿ ಸಂಗೀತವೂ ಕಲ್ಪನೆಯೂ ಜೋಡಿಯ ಆಯ್ಕೆ, ಸೀನಿಯರ್‌ಗಳಿಗೆ ಅದರ ಅವಧಿ ಸುಮಾರು ನಾಲ್ಕು ನಿಮಿಷ. 2009-10ರ ಋತುವಿನಲ್ಲಿ ಈಗಿನ ರಿದಮ್ ಡ್ಯಾನ್ಸ್‌ನ ಸ್ಥಾನದಲ್ಲಿ ಒರಿಜಿನಲ್ ಡ್ಯಾನ್ಸ್ ಇತ್ತು, ಅದಕ್ಕೆ ಜಾನಪದ ನೃತ್ಯವೇ ವಿಷಯವಾಗಿತ್ತು. ಆಗ ಮೆರಿಲ್ ಡೇವಿಸ್ ಮತ್ತು ಚಾರ್ಲಿ ವೈಟ್ ಹಿಂದಿ ಚಿತ್ರಗೀತೆಗಳನ್ನು ಆರಿಸಿಕೊಂಡು, ಭಾರತೀಯ ನೃತ್ಯ ಬಲ್ಲವರ ಬಳಿ ಹಸ್ತ, ಕತ್ತು, ಕಣ್ಣಿನ ಚಲನೆಗಳನ್ನು ಕಲಿತು ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಪ್ರದರ್ಶಿಸಿದರು. ಜಗತ್ತು ಅದನ್ನು ಮೆಚ್ಚಿತು. ಅದೇ ಋತುವಿನಲ್ಲಿ ರಷ್ಯದ ಒಂದು ಜೋಡಿ ಆಸ್ಟ್ರೇಲಿಯದ ಮೂಲನಿವಾಸಿಗಳ ನೃತ್ಯವನ್ನು ಮುಖಕ್ಕೆ ಬಣ್ಣ ಬಳಿದು ಮಾಡಿದಾಗ ಆ ಸಮುದಾಯದ ಹಿರಿಯರೇ ಬೇಸರ ವ್ಯಕ್ತಪಡಿಸಿದರು. ಒಂದು ಜನಪದವನ್ನು ಗುರುಮುಖೇನ ಕಲಿತು ಆಡುವುದಕ್ಕೂ ಹೊರಗಿನ ವೇಷವನ್ನಷ್ಟೇ ಎರವಲು ಪಡೆಯುವುದಕ್ಕೂ ಎಷ್ಟು ಅಂತರವಿದೆ ಎಂಬುದು ಆ ವರ್ಷ ಸ್ಪಷ್ಟವಾಯಿತು. ಅಮೆರಿಕದವರು ಕಷ್ಟಪಟ್ಟು ಕಲಿತದ್ದು ನಮ್ಮ ಮಕ್ಕಳ ಮೈಯಲ್ಲಿ ಹುಟ್ಟಿನಿಂದಲೇ ಇದೆ. ನಮ್ಮ ಭಾಗದ ಕರಡಿ ಮಜಲಿನ ಪೆಟ್ಟನ್ನು ಒಮ್ಮೆ ಕೇಳಿ; ಅದರ ಏರಿಳಿತಕ್ಕೆ ಬ್ಲೇಡಿನ ಅಂಚು ಬದಲಾಗುವುದನ್ನು ನಾನು ಮನಸ್ಸಿನಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಆ ದಿನ ಬರಲಿ ಎಂದು ನಿಜವಾಗಿ ಹಾರೈಸುತ್ತೇನೆ.

ಮಗಳಿಗೆ ಈಗಿನಿಂದಲೇ ಯಾವುದಾದರೂ ಶಾಸ್ತ್ರೀಯ ನೃತ್ಯ ಕಲಿಸಿ, ಹುಡುಗನಿಗೂ ಕಲಿಸಿ. ಹುಡುಗನಿಗೆ ಹೆಚ್ಚು ಅಗತ್ಯ, ಏಕೆಂದರೆ ನಮ್ಮಲ್ಲಿ ಗಂಡುಮಕ್ಕಳು ತೋಳನ್ನು ಬಿಡಿಸಿ ಚಾಚಲು ನಾಚುತ್ತಾರೆ.

ಗುರುಗ್ರಾಮದಲ್ಲಿರುವ ಬೆಳಗಾವಿಗ
ರಿಂಕ್ ಬಗ್ಗೆ ನನಗೆ ತಿಳಿದುದನ್ನು ಹೇಳುತ್ತೇನೆ. ಇಲ್ಲಿನ ಮಾಲ್ ಒಂದರೊಳಗೆ ಐಸ್ ರಿಂಕ್ ಇದೆ. ಒಲಿಂಪಿಕ್ ಅಳತೆಗಿಂತ ಚಿಕ್ಕದು, ಆದರೂ ದೇಶದ ಎಷ್ಟೋ ಸ್ಕೇಟರ್‌ಗಳು ಮೊದಲ ಹೆಜ್ಜೆ ಇಟ್ಟದ್ದು ಇಲ್ಲಿಯೇ. ಹಗಲಿನಲ್ಲಿ ಸಾರ್ವಜನಿಕರ ಗದ್ದಲವಿರುತ್ತದೆ, ಆದ್ದರಿಂದ ಗಂಭೀರವಾಗಿ ಕಲಿಯುವವರು ಜನ ಬರುವ ಮುಂಚಿನ ಬೆಳಗಿನ ಹೊತ್ತನ್ನು ಕೋಚ್‌ಗಳ ಮೂಲಕ ಮೊದಲೇ ಮಾತಾಡಿಕೊಂಡಿರುತ್ತಾರೆ. ಡೆಹ್ರಾಡೂನ್‌ನ ಹಿಮಾದ್ರಿ ರಿಂಕ್ ಪೂರ್ಣ ಅಳತೆಯದು. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕಾಗಿ ಕಟ್ಟಿದ ಇದು ನಿರ್ವಹಣೆಯ ವೆಚ್ಚ ತಾಳಲಾರದೆ ಹಲವು ವರ್ಷ ಮುಚ್ಚಿತ್ತು. ನವೀಕರಣಗೊಂಡು 2025ರಲ್ಲಿ ಮತ್ತೆ ತೆರೆಯಿತು, ಆ ವರ್ಷದ ಆಗಸ್ಟ್‌ನಲ್ಲಿ ಅಲ್ಲಿ ಏಷ್ಯಾ ಮಟ್ಟದ ಶಾರ್ಟ್ ಟ್ರ್ಯಾಕ್, ಅಂದರೆ ಐಸ್ ಮೇಲಿನ ವೇಗದ ಓಟದ, ಸ್ಪರ್ಧೆಯೂ ನಡೆಯಿತು. ಮಕ್ಕಳನ್ನು ದೀರ್ಘಕಾಲ ಕಲಿಸುವ ಉದ್ದೇಶವಿದ್ದರೆ ನೀವು ಕಣ್ಣಿಡಬೇಕಾದ ಊರು ಅದು. ಶಿಮ್ಲಾದ ರಿಂಕ್ 1920ರಿಂದ ಇದೆ, ಆದರೆ ಅದು ಬಯಲಿನ ನೈಸರ್ಗಿಕ ಐಸ್. ಚಳಿಗಾಲದಲ್ಲಿ ಆಕಾಶ ತಿಳಿಯಾಗಿದ್ದ ರಾತ್ರಿ ನೀರು ಹೆಪ್ಪುಗಟ್ಟಿದರೆ ಬೆಳಿಗ್ಗೆ ಸ್ಕೇಟಿಂಗ್, ಮೋಡ ಕವಿದರೆ ಇಲ್ಲ. ಆನಂದಕ್ಕೆ ಹೋಗಿ ಬನ್ನಿ, ಅದನ್ನು ನಂಬಿ ಅಭ್ಯಾಸದ ಯೋಜನೆ ಮಾಡಬೇಡಿ.

ಬೆಳಗಾವಿಯಿಂದ ಗೋವಾ ಎಕ್ಸ್‌ಪ್ರೆಸ್ ನೇರವಾಗಿ ದೆಹಲಿಯ ನಿಜಾಮುದ್ದೀನ್ ನಿಲ್ದಾಣಕ್ಕೆ ಬರುತ್ತದೆ. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆತಂದರೆ ಒಂದು ತಿಂಗಳ ಮಟ್ಟಿಗೆ ದಿನವೂ ಐಸ್ ಸಿಗುವಂತೆ ನೋಡಿಕೊಳ್ಳಬಹುದು. ವರ್ಷಕ್ಕೆ ನಾಲ್ಕು ಸಲ ಎರಡೆರಡು ದಿನ ಬರುವುದಕ್ಕಿಂತ, ಒಂದೇ ಸಲ ಬಂದು ತಿಂಗಳಿಡೀ ನಿಲ್ಲುವುದು ಮೇಲು. ಬ್ಲೇಡಿನ ಮೇಲಿನ ಹಿಡಿತ ಬರಲು ಸತತ ದಿನಗಳು ಬೇಕು. ಮೊದಲ ವಾರ ಬರೀ ಭಯ ಬಿಡುವುದರಲ್ಲಿಯೇ ಕಳೆದುಹೋಗುತ್ತದೆ.

ಫಿಸಿಯೋಥೆರಪಿಸ್ಟ್, ವಿಜಯಪುರ
ಮಕ್ಕಳ ದೇಹದ ಬಗ್ಗೆ ಯಾರೂ ಇನ್ನೂ ಮಾತಾಡಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಐಸ್ ಡ್ಯಾನ್ಸ್‌ನಲ್ಲಿ ಹಲವು ಸುತ್ತಿನ ಜಿಗಿತಗಳಿಲ್ಲದ ಕಾರಣ ಪಾದ ಮತ್ತು ಮೊಣಕಾಲಿಗೆ ಬೀಳುವ ಪೆಟ್ಟು ಒಂಟಿ ಸ್ಕೇಟಿಂಗ್‌ಗಿಂತ ಕಡಿಮೆ. ಅದರ ಬದಲಿಗೆ ಗಂಟೆಗಟ್ಟಲೆ ಮೊಣಕಾಲು ಬಗ್ಗಿಸಿ ಒಂದೇ ಅಂಚಿನ ಮೇಲೆ ವಾಲುವುದರಿಂದ ಸೊಂಟ, ತೊಡೆಸಂದು ಮತ್ತು ಬೆನ್ನಿನ ಕೆಳಭಾಗಕ್ಕೆ ಶ್ರಮ ಬೀಳುತ್ತದೆ. ಟೆಸ್ಸಾ ವರ್ಚ್ಯೂ ಅವರಿಗೆ ಮೊಣಕಾಲಿನ ಕೆಳಗಿನ ಸ್ನಾಯುಗಳಲ್ಲಿ ಒತ್ತಡ ಏರುವ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಉಂಟಾಗಿ 2008ರಲ್ಲಿ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು, 2010ರ ಚಿನ್ನದ ನಂತರ ಮತ್ತೊಮ್ಮೆ ಮಾಡಬೇಕಾಯಿತು. ಮಗು ಕಾಲು ನೋವು ಎಂದರೆ ಸೋಮಾರಿತನ ಎನ್ನಬೇಡಿ.

ಮಗಳಿಗೆ ಹತ್ತು, ಹುಡುಗನಿಗೆ ಹದಿಮೂರು ಎಂದಿದ್ದೀರಿ. ಮುಂದಿನ ಮೂರು ನಾಲ್ಕು ವರ್ಷಗಳಲ್ಲಿ ಇಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ಥಟ್ಟನೆ ಎತ್ತರಕ್ಕೆ ಬೆಳೆಯುತ್ತಾರೆ. ಆ ಅವಧಿಯಲ್ಲಿ ನಿನ್ನೆಯವರೆಗೆ ಸರಿಯಿದ್ದ ತಿರುವು ಇಂದು ಕೆಡುತ್ತದೆ, ಜೋಡಿಯ ಸಮತೋಲನ ಬದಲಾಗುತ್ತದೆ. ಎತ್ತುವಿಕೆಗಳನ್ನು ಹುಡುಗನ ಬೆನ್ನು ಮತ್ತು ಭುಜ ಗಟ್ಟಿಯಾಗುವವರೆಗೆ ನೆಲದ ಮೇಲೂ ಮಾಡಿಸಬೇಡಿ. ಎಲುಬಿನ ಬೆಳವಣಿಗೆ ಇನ್ನೂ ನಡೆಯುತ್ತಿರುವಾಗ ಭಾರ ಹೊರಿಸುವುದು ಅಪಾಯ.

ಎಲ್ಲಕ್ಕಿಂತ ಮುಖ್ಯವಾದುದು ಆಹಾರ. ಜೋಡಿಯಾಗಿ ಆಡುವ ಕ್ರೀಡೆಗಳಲ್ಲಿ ಹುಡುಗಿಯ ತೂಕದ ಬಗ್ಗೆ ಹಗುರವಾದ ಮಾತುಗಳು ಬಹಳ ಬೇಗ ಶುರುವಾಗುತ್ತವೆ. ವ್ಯಾಯಾಮಕ್ಕೆ ತಕ್ಕಷ್ಟು ಆಹಾರ ಸಿಗದ ಕ್ರೀಡಾಪಟುಗಳಲ್ಲಿ ಮುಟ್ಟು ತಡವಾಗುವುದು ಅಥವಾ ನಿಲ್ಲುವುದು, ಎಲುಬು ಸವೆಯುವುದು, ಪದೇ ಪದೇ ಗಾಯವಾಗುವುದು ಒಟ್ಟಿಗೇ ಕಾಣಿಸಿಕೊಳ್ಳುತ್ತವೆ; ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯೇ 2014ರಲ್ಲಿ ಈ ಸ್ಥಿತಿಗೆ ಪ್ರತ್ಯೇಕ ಹೆಸರಿಟ್ಟು ಎಚ್ಚರಿಸಿತು. ರೊಟ್ಟಿ, ಕಾಳುಪಲ್ಯ, ಶೇಂಗಾ ಹಿಂಡಿ, ಮೊಸರು, ಹಾಲು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಇವಾವುದನ್ನೂ ಕಡಿತಗೊಳಿಸಬೇಡಿ. ತೂಕ ಇಳಿಸಲು ಹೇಳುವ ಕೋಚ್ ಸಿಕ್ಕಿದರೆ ಆ ಕೋಚ್‌ನನ್ನೇ ಬಿಡಿ.

ಲೆಕ್ಕದ ಮಾಸ್ತರ, ಖಾನಾಪುರ
ಇಷ್ಟು ಜನ ಇಷ್ಟು ವಿವರವಾಗಿ ಬರೆದುದನ್ನು ಓದಿ ಸಮಾಧಾನವಾಯಿತು. ಶಾಲೆಯ ಬಗ್ಗೆ ನನಗೆ ತಿಳಿದುದನ್ನು ಸೇರಿಸುತ್ತೇನೆ. ಹುಡುಗ ಎಂಟನೆಯ ತರಗತಿಯಲ್ಲಿರಬೇಕು. ಹತ್ತನೆಯ ತರಗತಿಯವರೆಗೆ ಊರು ಬಿಡಿಸದಿರುವುದು ಒಳ್ಳೆಯದು. ಆಮೇಲೆ ದೀರ್ಘಕಾಲ ಹೊರಗಿರಬೇಕಾಗಿ ಬಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಪರೀಕ್ಷೆ ಬರೆಯಬಹುದು. ಅದರ ಪ್ರಮಾಣಪತ್ರಕ್ಕೆ ಮಾನ್ಯತೆ ಇದೆ. ದುಡ್ಡಿನ ಚಿಂತೆ ಮಾತ್ರ ನನಗೆ ಹೋಗಿಲ್ಲ. 1984ರ ಐಸ್ ಡ್ಯಾನ್ಸ್ ಒಲಿಂಪಿಕ್ ಚಾಂಪಿಯನ್ನರಾದ ಬ್ರಿಟನ್‌ನ ಜೇನ್ ಟಾರ್ವಿಲ್ ಮತ್ತು ಕ್ರಿಸ್ಟೋಫರ್ ಡೀನ್ ಮೊದಲು ವಿಮಾ ಕಚೇರಿಯ ಗುಮಾಸ್ತೆ ಮತ್ತು ಪೊಲೀಸ್ ಪೇದೆಯಾಗಿದ್ದರು. ಅವರು ನೌಕರಿ ಬಿಟ್ಟು ಪೂರ್ಣಕಾಲ ಅಭ್ಯಾಸ ಮಾಡಲು ನಾಟಿಂಗ್‌ಹ್ಯಾಮ್ ನಗರಸಭೆ ಹಣ ಕೊಟ್ಟಿತು. ನಮ್ಮ ಮಹಾನಗರ ಪಾಲಿಕೆಯಾಗಲಿ, ರಾಜ್ಯದ ಕ್ರೀಡಾ ಇಲಾಖೆಯಾಗಲಿ ಇಂತಹ ಮಕ್ಕಳನ್ನು ಹಾಗೆ ಕೈಹಿಡಿಯಬೇಕು. ಅದಕ್ಕೆ ಮೊದಲು ಮಕ್ಕಳು ರಾಷ್ಟ್ರಮಟ್ಟದ ಪದಕವೊಂದನ್ನು ತೋರಿಸಬೇಕಾಗುತ್ತದೆ. ಅದು ಚಕ್ರದ ಮೇಲೆಯೇ ಬರಲಿ.

ಮಾಂಟ್ರಿಯಲ್‌ನ ಗೋಕಾಕಿ
ಮಾಸ್ತರರೇ, ನಿಮ್ಮ ಮಾತು ನೂರಕ್ಕೆ ನೂರು ಸರಿ. ಗುರಿಯ ಅಳತೆಯನ್ನೂ ಹೇಳಿಬಿಡುತ್ತೇನೆ. ಒಲಿಂಪಿಕ್ಸ್‌ನ ಐಸ್ ಡ್ಯಾನ್ಸ್‌ಗೆ ಇಡೀ ಜಗತ್ತಿನಿಂದ 23 ಜೋಡಿಗಳಿಗೆ ಮಾತ್ರ ಅವಕಾಶ. ಅದಕ್ಕೂ ಮೊದಲಿನ ಮೆಟ್ಟಿಲುಗಳು ಬೇರೆ ಇವೆ. ಜೂನಿಯರ್ ಗ್ರ್ಯಾಂಡ್ ಪ್ರಿ ಸರಣಿಯ ಬಾಗಿಲು ಸದಸ್ಯ ರಾಷ್ಟ್ರಗಳ ಮಕ್ಕಳಿಗೆ ತೆರೆದಿದೆ. ಏಷ್ಯಾ, ಆಫ್ರಿಕಾ, ಉತ್ತರ ಹಾಗೂ ದಕ್ಷಿಣ ಅಮೆರಿಕ, ಓಷಿಯಾನಿಯಾ ಭಾಗದವರಿಗೆ 1999ರಿಂದ ಫೋರ್ ಕಾಂಟಿನೆಂಟ್ಸ್ ಚಾಂಪಿಯನ್‌ಶಿಪ್ ನಡೆಯುತ್ತಿದೆ. ಅದಕ್ಕೆ ಮೊದಲೇ ಕನಿಷ್ಠ ತಾಂತ್ರಿಕ ಅಂಕಗಳನ್ನು ಗಳಿಸಿರಬೇಕು. ಆ ಕನಿಷ್ಠ ಅಂಕ ಗಳಿಸಿದ, ಭಾರತದಲ್ಲಿಯೇ ಬೆಳೆದ ಜೋಡಿ ಎನಿಸಿಕೊಂಡರೆ ಅದೇ ಒಂದು ಸಾರ್ಥಕ ಸಾಧನೆ. ಸ್ಪರ್ಧೆಯ ಕಾಲ ಮುಗಿದ ಮೇಲೆ ಕೋಚ್, ನೃತ್ಯ ಸಂಯೋಜಕ, ತಾಂತ್ರಿಕ ತೀರ್ಪುಗಾರ, ಐಸ್ ಷೋ ಕಲಾವಿದ ಎಂದು ಇಲ್ಲಿ ಬದುಕು ಕಟ್ಟಿಕೊಂಡವರನ್ನು ದಿನವೂ ನೋಡುತ್ತೇನೆ. ಭಾರತದಲ್ಲಿ ರಿಂಕ್‌ಗಳು ಹೆಚ್ಚಿದಂತೆ ಕಲಿಸುವವರ ಅಗತ್ಯವೂ ಹೆಚ್ಚುತ್ತದೆ.

ಚಕ್ರದ ಕೋಚ್, ಬೆಳಗಾವಿ
ಖರ್ಚಿನ ವಿಷಯದಲ್ಲಿ ಒಂದು ಮಾತು. ಬೂಟುಗಳನ್ನು ಈಗಲೇ ಕೊಳ್ಳಬೇಡಿ. ಉನ್ನತ ದರ್ಜೆಯ ಬೂಟು ಮತ್ತು ಬ್ಲೇಡು ಸೇರಿ ಆಮದು ಸುಂಕದೊಂದಿಗೆ ಲಕ್ಷ ರೂಪಾಯಿ ದಾಟಬಹುದು, ಬೆಳೆಯುವ ಪಾದಕ್ಕೆ ಅದು ವರ್ಷವೂ ಬಾಳಲಾರದು. ಐಸ್ ಡ್ಯಾನ್ಸ್‌ನ ಬ್ಲೇಡಿಗೆ ಹಿಂದಿನ ತುದಿ ಗಿಡ್ಡವಾಗಿರುತ್ತದೆ. ಇಬ್ಬರು ಇಷ್ಟು ಹತ್ತಿರದಲ್ಲಿ ಜಾರುವಾಗ ಒಬ್ಬರ ಬ್ಲೇಡು ಇನ್ನೊಬ್ಬರದಕ್ಕೆ ತಾಗಬಾರದೆಂಬುದು ಅದರ ಉದ್ದೇಶ. ಆದರೆ ಅದರ ಅಗತ್ಯ ಬರುವುದು ಮುಂದೆ. ಮೊದಲ ತಿಂಗಳಿಗೆ ರಿಂಕ್‌ನ ಬಾಡಿಗೆ ಬೂಟು ತೀರ ಸಡಿಲ ಎನಿಸಿದರೆ, ಕಲಿಯುವವರ ಮಟ್ಟದ ಹಳೆಯ ಬೂಟುಗಳನ್ನು ಅಲ್ಲಿನ ಪಾಲಕರಿಂದಲೇ ಕೊಳ್ಳಬಹುದು. ಹರಿತ ಮಾಡಿಸುವುದನ್ನು ಮಾತ್ರ ಫಿಗರ್ ಸ್ಕೇಟಿಂಗ್ ಬ್ಲೇಡು ತಿಳಿದವರ ಕೈಗೇ ಕೊಡಿ. ಹಾಕಿ ಬ್ಲೇಡಿನಂತೆ ಉಜ್ಜಿದರೆ ಮುಂದಿನ ಹಲ್ಲುಗಳು ಸವೆದು ಬ್ಲೇಡು ಹಾಳಾಗುತ್ತದೆ.

ಹಿಂದವಾಡಿಯ ತಾಯಿ
ಎಲ್ಲರಿಗೂ ಕೈಮುಗಿದು ವಂದಿಸುತ್ತೇನೆ. ನಿನ್ನೆ ರಾತ್ರಿ ಎರಡೂ ಮನೆಯವರು ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿದೆವು. ಈ ವರ್ಷ ಚಕ್ರದ ಮೇಲೆ ಕಪಲ್ ಡ್ಯಾನ್ಸ್ ವಿಭಾಗದಲ್ಲಿ ರಾಜ್ಯಮಟ್ಟದ ಆಯ್ಕೆಗೆ ತಯಾರಿ ನಡೆಸುತ್ತಾರೆ. ಇಬ್ಬರನ್ನೂ ತಿಲಕವಾಡಿಯ ಭರತನಾಟ್ಯ ತರಗತಿಗೆ ಸೇರಿಸುತ್ತಿದ್ದೇವೆ; ಹುಡುಗ ಸ್ವಲ್ಪ ತಕರಾರು ಮಾಡಿದ, ಡೇವಿಸ್ ಮತ್ತು ವೈಟ್ ಅವರ ಕಥೆ ಹೇಳಿದ ಮೇಲೆ ಒಪ್ಪಿದ. ಏಪ್ರಿಲ್ ಪರೀಕ್ಷೆ ಮುಗಿದ ಮೇಲೆ ನಾನು ಮಕ್ಕಳೊಂದಿಗೆ ಗೋವಾ ಎಕ್ಸ್‌ಪ್ರೆಸ್‌ನಲ್ಲಿ ಹೊರಡುತ್ತೇನೆ. ಎತ್ತುವಿಕೆ ಬೇಡ, ತೂಕದ ಮಾತು ಬೇಡ ಎಂಬ ಎರಡು ಷರತ್ತುಗಳನ್ನು ಅಲ್ಲಿನ ಕೋಚ್‌ಗೆ ಮೊದಲೇ ಹೇಳುತ್ತೇನೆ. ಒಂದು ತಿಂಗಳಾದ ಮೇಲೆ ಇಬ್ಬರಿಗೂ ಇದೇ ಬೇಕೆನಿಸಿದರೆ ಮುಂದಿನ ಯೋಚನೆ. ಒಬ್ಬರಿಗೆ ಬೇಕು, ಇನ್ನೊಬ್ಬರಿಗೆ ಬೇಡ ಎನಿಸಿದರೆ ಅದನ್ನೂ ಒಪ್ಪಿಕೊಳ್ಳಬೇಕೆಂದು ಮಕ್ಕಳಿಗೆ ತಿಳಿಸಿದ್ದೇವೆ.

ಗುರುಗ್ರಾಮದ ಸರ್, ಬೆಳಗಿನ ಹೊತ್ತಿನ ಐಸ್‌ಗಾಗಿ ಎಷ್ಟು ಮುಂಚೆ ಮಾತಾಡಬೇಕು, ಮಕ್ಕಳಿಗೆ ಯಾವ ಬಟ್ಟೆ ತರಬೇಕು ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಗುರುಗ್ರಾಮದಲ್ಲಿರುವ ಬೆಳಗಾವಿಗ
ಅಕ್ಕಾವರೇ, ಬೇಸಿಗೆಯಲ್ಲಿ ಬಹಳ ಜನ ಬರುವುದರಿಂದ ಫೆಬ್ರವರಿಯಲ್ಲಿಯೇ ಕೋಚ್‌ರೊಂದಿಗೆ ಮಾತಾಡಿ ಹೊತ್ತನ್ನು ಗೊತ್ತುಮಾಡಿಕೊಳ್ಳಿ. ಮೈಗೆ ಅಂಟುವ ಬೆಚ್ಚಗಿನ ಬಟ್ಟೆ, ತೆಳುವಾದ ಉದ್ದ ಕಾಲುಚೀಲ, ಕೈಗವಸು ಇಷ್ಟು ಸಾಕು. ದಪ್ಪ ಉಣ್ಣೆಯ ಕಾಲುಚೀಲ ತರಬೇಡಿ. ಅದನ್ನು ಹಾಕಿಕೊಂಡರೆ ಬೂಟಿನೊಳಗೆ ಪಾದ ಜಾರುತ್ತದೆ. ಹೊರಗೆ ನಲವತ್ತು ಡಿಗ್ರಿ ಬಿಸಿಲು, ಒಳಗೆ ಐಸ್. ಆದ್ದರಿಂದ ಹೊರಬರುವ ಮುನ್ನ ಮಕ್ಕಳಿಗೆ ಬೆವರಿದ ಬಟ್ಟೆ ಬದಲಿಸಲು ಒಂದೊಂದು ಜೊತೆ ಹೆಚ್ಚಿಗೆ ಇಟ್ಟುಕೊಂಡಿರಿ.